ಜೇಬಿನಲ್ಲಿ ಐದು ಚೀಟಿ: ಕುಡಿತ ಬಿಡಿಸುವ ಒಂದು ತರಬೇತಿಯ ವಿಮರ್ಶೆ

ಕುಡಿತ ಬಿಡಿಸುವುದೆಂದರೆ ಒಂದೋ ಒಳಗೆ ಸೇರಿಸಿ ಬೀಗ ಹಾಕುವುದು, ಇಲ್ಲವೇ ಕೊಳೆತ ಲಿವರ್ ಫೋಟೊ ತೋರಿಸಿ ಹೆದರಿಸುವುದು ಎಂದೇ ಮೈಸೂರು, ಮಂಡ್ಯ ಕಡೆಯ ಎಷ್ಟೋ ಮನೆಗಳಲ್ಲಿ ತಿಳುವಳಿಕೆ. ಇವೆರಡೂ ಅಲ್ಲದ ತರಬೇತಿಯೊಂದನ್ನು ಮೈಸೂರಿನ ಒಂದು ಖಾಸಗಿ ಹೊರರೋಗಿ ಕೇಂದ್ರ ನಡೆಸುತ್ತಿದೆ. ಆರು ವಾರ, ವಾರಕ್ಕೊಂದು ಸಿಟ್ಟಿಂಗ್. ಮುಗಿಯುವ ಹೊತ್ತಿಗೆ ರೋಗಿಯ ಜೇಬಿನಲ್ಲಿ ಐದು ಲ್ಯಾಮಿನೇಟ್ ಮಾಡಿದ ಚೀಟಿ, ಫೋನಿನಲ್ಲಿ ಅವನದೇ ಧ್ವನಿಯ ಐದು ರೆಕಾರ್ಡಿಂಗ್ ಇರುತ್ತವೆ. ಮುಂದೆ ತನ್ನ ಬಾಳಿನಲ್ಲಿ ಬರಲಿರುವ ಒಳ್ಳೆಯ ದಿನಗಳನ್ನು ಕಣ್ಣಿಗೆ ಕಟ್ಟುವ ಹಾಗೆ ಕಲ್ಪಿಸಿಕೊಳ್ಳುವುದನ್ನು ಕಲಿಸಿ, ಬಾರಿನ ಮುಂದೆ ಕಾಲು ನಿಧಾನವಾಗುವ ಗಳಿಗೆಯಲ್ಲಿ ಆ ಚಿತ್ರವನ್ನು ಮನಸ್ಸಿಗೆ ತರುವುದು ಈ ತರಬೇತಿಯ ಗುರಿ. ವಿಧಾನದ ಹೆಸರು ಎಪಿಸೋಡಿಕ್ ಫ್ಯೂಚರ್ ಥಿಂಕಿಂಗ್, ಚಿಕ್ಕದಾಗಿ ಇ.ಎಫ್.ಟಿ. ಫೋನಿನಲ್ಲಿ ಹುಡುಕುವವರು ಗಮನಿಸಿ: ಹಣೆ, ಕೆನ್ನೆ ತಟ್ಟಿಕೊಳ್ಳುವ ಇನ್ನೊಂದು ಇ.ಎಫ್.ಟಿ. ಇದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚೀಟಿ ಬರೆಸುವ ಕೆಲಸ ಈ ಕೇಂದ್ರದಲ್ಲಿ ನಿಜಕ್ಕೂ ಚೆನ್ನಾಗಿದೆ. ಬರೆದ ಚೀಟಿ ಸರಿಯಾದ ಹೊತ್ತಿಗೆ ಕೈಗೆ ಸಿಗುವಂತೆ ಮಾಡುವ ಕೆಲಸ ಅರೆಬರೆ. ಈ ವಿಧಾನದಲ್ಲಿ ಎರಡನೆಯದು ಕೈಕೊಟ್ಟರೆ ಮೊದಲನೆಯದರ ಶ್ರಮವೆಲ್ಲ ನೀರುಪಾಲು. ಐದಕ್ಕೆ ಮೂರು ಅಂಕ ಕೊಡಬಹುದು. ಔಷಧಿ, ವೈದ್ಯರ ತಪಾಸಣೆ ಇಲ್ಲದೆ ಇದೊಂದನ್ನೇ ನಂಬಿ ಹೋಗುವವರಿಗೆ ಮಾತ್ರ ಅಂಕ ಸೊನ್ನೆ, ಕಾರಣ ಮುಂದೆ ಬರುತ್ತದೆ.

ವಿಧಾನ ನಿಂತಿರುವ ನೆಲ ಇದು. ಯಾವುದೇ ಲಾಭ ಕೈಗೆ ಬರುವುದು ತಡವಾದಷ್ಟೂ ಮನಸ್ಸು ಅದಕ್ಕೆ ಕಟ್ಟುವ ಬೆಲೆ ಇಳಿಯುತ್ತದೆ. ಎಲ್ಲರಿಗೂ ಇಳಿಯುತ್ತದೆ, ವ್ಯಸನಕ್ಕೆ ಬಿದ್ದವರಲ್ಲಿ ಕಡಿದಾಗಿ ಇಳಿಯುತ್ತದೆ. ಪರಿಣತರು ಇದನ್ನು ಡಿಲೇ ಡಿಸ್ಕೌಂಟಿಂಗ್ ಎನ್ನುತ್ತಾರೆ. ಪಾರಿವಾಳಗಳ ಮೇಲೆ ಪ್ರಯೋಗ ಮಾಡುತ್ತಿದ್ದ ಜೇಮ್ಸ್ ಮೇಝರ್ 1987ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಮೊತ್ತವನ್ನು, ಒಂದಕ್ಕೆ ಕೆ ಮತ್ತು ದಿನಗಳ ಗುಣಲಬ್ಧ ಸೇರಿಸಿದ ಸಂಖ್ಯೆಯಿಂದ ಭಾಗಿಸಬೇಕು. ಕೆ ಎನ್ನುವುದು ಆ ಮನುಷ್ಯನ ಆತುರದ ಅಳತೆ. ಕೆ 0.01 ಇದ್ದವನಿಗೆ 30 ದಿನ ಬಿಟ್ಟು ಸಿಗುವ 1000 ರೂಪಾಯಿ ಇವತ್ತಿನ 769 ರೂಪಾಯಿಗೆ ಸಮ. ಕೆ 0.1 ಇದ್ದವನಿಗೆ ಅದೇ ಸಾವಿರ ಬರೀ 250. ಆರು ತಿಂಗಳು ಅಂದರೆ 180 ದಿನಕ್ಕೆ ಲೆಕ್ಕ ಹಾಕಿದರೆ ಮೊದಲನೆಯವನಿಗೆ 357, ಎರಡನೆಯವನಿಗೆ ಸುಮಾರು 53. ‘ಕುಡಿಯೋದು ಬಿಟ್ರೆ ಇನ್ನಾರು ತಿಂಗಳಿಗೆ ಆರೋಗ್ಯ ಸುಧಾರಿಸುತ್ತೆ ಕಣಯ್ಯ’ ಎಂಬ ಮನೆಯವರ ಮಾತು ಅವನ ಕಿವಿಗೆ ಐವತ್ತು ರೂಪಾಯಿಯ ಮಾತಾಗಿ ಬೀಳುತ್ತದೆ, ಮುಂದಿರುವ ಕ್ವಾರ್ಟರ್ ಪೂರ್ತಿ ಬೆಲೆಯಲ್ಲಿ ಕಾಣುತ್ತದೆ. ಇದನ್ನು ಹಟ, ಕೊಬ್ಬು ಎಂದು ಬೈದು ಪ್ರಯೋಜನವಿಲ್ಲ.

ಅಫೀಮು ವರ್ಗದ ಮಾದಕಗಳಿಗೆ ದಾಸರಾದವರಲ್ಲಿ ಈ ಇಳಿತ ಇತರರಿಗಿಂತ ಹೆಚ್ಚೆಂದು 1997ರಲ್ಲಿ ಗ್ರೆಗರಿ ಮ್ಯಾಡನ್, ವಾರನ್ ಬಿಕೆಲ್ ಮತ್ತು ಸಂಗಡಿಗರು ತೋರಿಸಿದರು. ಮುಂದಿನ ಪ್ರಶ್ನೆ, ಕೆ ಬದಲಾಗುತ್ತದೆಯೇ ಎನ್ನುವುದು. 2010ರಲ್ಲಿ ಜರ್ಮನಿಯ ಯಾನ್ ಪೀಟರ್ಸ್, ಕ್ರಿಸ್ಟಿಯನ್ ಬ್ಯೂಶೆಲ್ ಒಂದು ಸಣ್ಣ ಬದಲಾವಣೆ ಮಾಡಿ ನೋಡಿದರು. ತಡವಾಗಿ ಸಿಗುವ ಹಣದ ಆಯ್ಕೆಯ ಜೊತೆಗೆ, ಆ ಹೊತ್ತಿಗೆ ಆ ವ್ಯಕ್ತಿಯ ಬಾಳಿನಲ್ಲಿ ನಡೆಯಲಿರುವ ಒಂದು ಘಟನೆಯ ಹೆಸರನ್ನೂ ಪರದೆಯ ಮೇಲೆ ಇಟ್ಟರು. ಜನ ಕಾಯುವ ಆಯ್ಕೆಯ ಕಡೆ ವಾಲಿದರು. ನೆನಪು ಕಟ್ಟುವ ಹಿಪೊಕ್ಯಾಂಪಸ್ ಭಾಗವೂ ಬೆಲೆ ತೂಗುವ ಮುಂಭಾಗದ ಮಿದುಳೂ ಆಗ ಹೆಚ್ಚು ಹೊಂದಿಕೊಂಡು ಕೆಲಸ ಮಾಡುವುದು ಸ್ಕ್ಯಾನಿನಲ್ಲಿ ಕಂಡಿತು. 2016ರಲ್ಲಿ ಬಿಕೆಲ್ ಅವರ ಬಳಗವೇ ಮದ್ಯವ್ಯಸನಿಗಳಲ್ಲೂ ಸಿಗರೇಟ್ ಸೇದುವವರಲ್ಲೂ ಇದನ್ನು ಪರೀಕ್ಷಿಸಿ, ಆತುರ ಇಳಿಯುವುದನ್ನೂ ಮದ್ಯದ ಬೇಡಿಕೆ, ಸೇದುವಿಕೆ ತಗ್ಗುವುದನ್ನೂ ವರದಿ ಮಾಡಿತು. ಬಿಕೆಲ್ 2024ರಲ್ಲಿ ತೀರಿಕೊಂಡರು. ಈ ಕ್ಷೇತ್ರದಲ್ಲಿ ಅವರ ಕೈ ಮುಟ್ಟದ ಮೂಲೆ ಕಡಿಮೆ.

ಈಗ ಕೇಂದ್ರದ ಕೆಲಸಕ್ಕೆ ಬರೋಣ. ಮೊದಲ ಸಿಟ್ಟಿಂಗ್ ಅಳತೆಗೆ ಮೀಸಲು. ಕುಡಿತ ಎಷ್ಟು ಕೈಮೀರಿದೆ ಎಂದು ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಆಡಿಟ್ ಪಟ್ಟಿ ತುಂಬಿಸುತ್ತಾರೆ, ಸರಿ. ಆಮೇಲೆ ಆತುರ ಅಳೆಯಲು 1999ರಲ್ಲಿ ಕರ್ಬಿ, ಪೆಟ್ರಿ, ಬಿಕೆಲ್ ಬಳಸಿದ 27 ಪ್ರಶ್ನೆಗಳ ಪಟ್ಟಿ ಕೊಡುತ್ತಾರೆ. ಎಡವುವುದು ಇಲ್ಲೇ. ಮೂಲದಲ್ಲಿ ‘ಇಂದು 54 ಡಾಲರೋ, 117 ದಿನ ಬಿಟ್ಟು 55 ಡಾಲರೋ’ ಎಂದಿದ್ದುದನ್ನು ಡಾಲರ್ ತೆಗೆದು ರೂಪಾಯಿ ಎಂದು ಮಾಡಿದ್ದಾರೆ, ಅಷ್ಟೇ. ಗಾರೆ ಕೆಲಸದ ಮೇಸ್ತ್ರಿಗೆ 54 ರೂಪಾಯಿ, 55 ರೂಪಾಯಿ ಎರಡೂ ಒಂದೇ. ಅವನು ನಕ್ಕು ಯಾವುದೋ ಒಂದಕ್ಕೆ ಗುರುತು ಹಾಕುತ್ತಾನೆ, ಕಂಪ್ಯೂಟರ್ ಅದನ್ನೇ ಕೆ ಎಂದು ಮುದ್ರಿಸುತ್ತದೆ.

ಕಡಿಮೆ ಹೊತ್ತಿನ, ಹೆಚ್ಚು ನಂಬಬಹುದಾದ ದಾರಿ ಇದೆ. ಮಿಖಾಯಿಲ್ ಕೊಫಾರ್ನಸ್, ಬಿಕೆಲ್ 2014ರಲ್ಲಿ ಪ್ರಕಟಿಸಿದ ಐದು ಪ್ರಶ್ನೆಗಳ ಪರೀಕ್ಷೆ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಇಂದು ಅರ್ಧ ಮೊತ್ತವೋ, 3 ವಾರ ಬಿಟ್ಟು ಪೂರ್ತಿ ಮೊತ್ತವೋ ಎಂದು ಶುರು. ಇಂದೇ ಬೇಕೆಂದರೆ ಮುಂದಿನ ಪ್ರಶ್ನೆಯಲ್ಲಿ ಗಡುವು ಹತ್ತಿರ ಬರುತ್ತದೆ, ಕಾಯುತ್ತೇನೆಂದರೆ ದೂರ ಹೋಗುತ್ತದೆ. ಐದನೆಯ ಉತ್ತರದ ಹೊತ್ತಿಗೆ, ಎಷ್ಟು ಕಾದರೆ ಬೆಲೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ತಿಳಿಯುತ್ತದೆ. ಆ ದಿನಗಳ ಸಂಖ್ಯೆಯಿಂದ ಒಂದನ್ನು ಭಾಗಿಸಿದರೆ ಕೆ ಸಿಕ್ಕಿತು. ಮೊತ್ತವನ್ನು ಆ ಮನುಷ್ಯನ ನಾಲ್ಕೈದು ದಿನದ ಕೂಲಿಗೆ ಹೊಂದಿಸಿ ಕೇಳಬೇಕು.

ಅಳತೆಯಲ್ಲಿ ಇನ್ನೊಂದು ತೊಡಕಿದೆ, ಅದನ್ನು ಪ್ರಯೋಗಾಲಯದ ಪುಸ್ತಕಗಳಿಗಿಂತ ಮಂಡ್ಯದ ರೈತ ಚೆನ್ನಾಗಿ ವಿವರಿಸುತ್ತಾನೆ. ಕಬ್ಬು ಕಡಿದು ಕಾರ್ಖಾನೆಗೆ ಹಾಕಿದ ಮೇಲೆ ದುಡ್ಡು ಹೇಳಿದ ದಿನಕ್ಕೇ ಬಂದೀತೆಂದು ನಂಬದವನು ‘ಇವತ್ತೇ ಕೊಡಿ’ ಎಂದರೆ ಅದು ಆತುರ ಹೇಗಾದೀತು? ಅದು ಅನುಭವ. ಕೊಡುವವರ ಮೇಲೆ ನಂಬಿಕೆ ಇಲ್ಲದಿರುವುದೂ ಮನಸ್ಸಿನ ಆತುರವೂ ಉತ್ತರಪತ್ರಿಕೆಯಲ್ಲಿ ಒಂದೇ ರೀತಿ ಕಾಣುತ್ತವೆ. ಬಡತನದ ಏಟೂ ಹಾಗೆಯೇ: ಆದಾಯ ಒಮ್ಮೆಲೇ ಕುಸಿಯಿತೆಂದು ಕಲ್ಪಿಸಿಕೊಂಡರೆ ಸಾಕು, ಜನರ ದೃಷ್ಟಿ ಹತ್ತಿರಕ್ಕೆ ಮುದುಡುತ್ತದೆ ಎಂದು ಬಿಕೆಲ್ ತಂಡ 2016ರಲ್ಲಿ ತೋರಿಸಿತ್ತು. ಆದ್ದರಿಂದ ಮೊದಲ ಅಳತೆ ಬಟವಾಡೆಯ ಹಿಂದಿನ ದಿನ, ಕೊನೆಯ ಅಳತೆ ಬಟವಾಡೆಯ ಮರುದಿನ ಮಾಡಿದರೆ, ‘ಸುಧಾರಣೆ’ ತಾನಾಗಿಯೇ ಬಂದುಬಿಡುತ್ತದೆ. ಎರಡನ್ನೂ ತಿಂಗಳ, ವಾರದ ಒಂದೇ ಹಂತದಲ್ಲಿ ಮಾಡಬೇಕು. ಕೇಂದ್ರ ಇದನ್ನು ಗಮನಿಸುವುದಿಲ್ಲ.

ಎರಡನೆಯ ಮತ್ತು ಮೂರನೆಯ ಸಿಟ್ಟಿಂಗ್ ಈ ತರಬೇತಿಯ ಜೀವ. ಒಂದು ವಾರ, ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ: ಈ ಐದು ದೂರಕ್ಕೆ ಒಂದೊಂದು ಘಟನೆ ಆರಿಸಬೇಕು. ಘಟನೆಗೆ ನಾಲ್ಕು ಪರೀಕ್ಷೆ: ಅದು ಒಳ್ಳೆಯದಾಗಿರಬೇಕು, ನಿಜಕ್ಕೂ ನಡೆಯುವಂಥದ್ದಾಗಿರಬೇಕು, ಅವನಿಗೆ ಬೇಕಾದದ್ದಾಗಿರಬೇಕು, ಒಂದೇ ದಿನದ ಒಂದೇ ಜಾಗದ ಸಂಗತಿಯಾಗಿರಬೇಕು. ರೋಗಿ ಮೊದಲ ಸಲ ಬರೆಸುವುದು ಬಹುಪಾಲು ಹೀಗಿರುತ್ತದೆ: ‘ಮುಂದಿನ ವರ್ಷ ಸಾಲ ತೀರಿರುತ್ತೆ, ಸಂಸಾರ ನೆಟ್ಟಗಿರುತ್ತೆ.’ ಇದು ಹಾರೈಕೆ. ಇದರಲ್ಲಿ ನೋಡಲು, ಕೇಳಲು ಏನೂ ಇಲ್ಲ, ಹಾಗಾಗಿ ಬೇಕೆಂಬ ಗಳಿಗೆಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇಲ್ಲಿನ ಆಪ್ತಸಮಾಲೋಚಕರು ಈ ಹಾರೈಕೆಯನ್ನು ಘಟನೆಯಾಗಿ ಇಳಿಸುವ ಬಗೆ ಮೆಚ್ಚುವಂಥದ್ದು. ‘ಅಣ್ಣ, ಆವತ್ತು ನೀವು ಎಲ್ಲಿ ನಿಂತಿದೀರಿ? ಪಕ್ಕದಲ್ಲಿ ಯಾರವ್ರೆ? ಬೆಳಕು ಎಲ್ಲಿಂದ ಬತ್ತಾ ಅದೆ? ಕೈಯಲ್ಲಿ ಏನ್ ಹಿಡ್ಕಂಡಿದೀರಿ?’ ಎಂದು ಒಂದೊಂದಾಗಿ ಕೇಳುತ್ತಾರೆ. ಉತ್ತರ ಬಂದ ಹಾಗೆ ಅದೇ ಮಾತಿನಲ್ಲಿ ಬರೆದುಕೊಳ್ಳುತ್ತಾರೆ, ಪುಸ್ತಕದ ಕನ್ನಡಕ್ಕೆ ತಿದ್ದುವುದಿಲ್ಲ. ಅಕ್ಟೋಬರಿನಲ್ಲಿ ಕೂತವನೊಬ್ಬನ ಮೂರು ತಿಂಗಳ ಚೀಟಿ ಈ ಬಗೆಯಲ್ಲಿ ಸಿದ್ಧವಾಗುತ್ತದೆ:

‘ಸಂಕ್ರಾಂತಿ ಸಂಜೆ. ಹಟ್ಟಿ ಮುಂದೆ ನಿಂತಿವ್ನಿ. ಎತ್ತಿನ ಕೊಂಬಿಗೆ ಬಳ್ದಿರೋ ಬಣ್ಣ ಇನ್ನೂ ಹಸಿ, ಬೆರಳಿಗೆ ಅಂಟ್ತಾ ಅದೆ. ಮಗ ಇನ್ನೊಂದು ಎತ್ತಿನ ಹಗ್ಗ ಹಿಡ್ಕಂಡು, ಅಪ್ಪ ನಾನೂ ಬತ್ತೀನಿ ಅಂತಾವ್ನೆ. ಹುಲ್ಲಿಗೆ ಬೆಂಕಿ ಇಟ್ರು, ಮುಖಕ್ಕೆ ಶಾಖ ಬಡೀತಾ ಅದೆ. ಎತ್ತಿನ ಜೊತೆ ಕಿಚ್ಚು ಹಾಯ್ತಾ ಇವ್ನಿ. ಆ ಕಡೆ ನಮ್ಮವ್ವ ಎಳ್ಳು ಬೆಲ್ಲದ ತಟ್ಟೆ ಹಿಡ್ಕಂಡು ನಗ್ತಾವ್ಳೆ.’

ಐದಾರು ವಾಕ್ಯ, ಎಲ್ಲವೂ ಈಗಲೇ ನಡೆಯುತ್ತಿರುವಂತೆ, ‘ನಾನು’ ಎಂಬ ನೆಲೆಯಿಂದ. ಕುಡಿತದ ಮಾತು ಎಲ್ಲೂ ಇಲ್ಲ ಎಂಬುದನ್ನು ನೋಡಿ. ‘ಆವತ್ತು ನಾನು ಕುಡಿದಿಲ್ಲ’ ಎಂದು ಬರೆಸಿದರೆ ಓದಿದಾಗಲೆಲ್ಲ ಮನಸ್ಸು ಮೊದಲು ಹಿಡಿಯುವುದು ಕುಡಿತವನ್ನೇ. ಬರೆದಾದ ಮೇಲೆ ರೋಗಿ ಕಣ್ಣು ಮುಚ್ಚಿ ಅರ್ಧ ನಿಮಿಷ ಅಲ್ಲಿದ್ದು ಬಂದು, ಎಷ್ಟು ಸ್ಪಷ್ಟವಾಗಿ ಕಂಡಿತು, ಎಷ್ಟು ಖುಷಿಯಾಯಿತು ಎಂದು ಒಂದರಿಂದ ಐದರೊಳಗೆ ಅಂಕ ಕೊಡುತ್ತಾನೆ. ಯಾವುದಾದರೂ ನಾಲ್ಕಕ್ಕಿಂತ ಕೆಳಗಿದ್ದರೆ ಚೀಟಿಯನ್ನು ಹರಿದು ಮತ್ತೆ ಬರೆಸುತ್ತಾರೆ. ಒಂದು ಚೀಟಿಗೆ ಇಪ್ಪತ್ತು ನಿಮಿಷ ಹಿಡಿದರೂ ಅವಸರ ಮಾಡುವುದಿಲ್ಲ. ಈ ತಾಳ್ಮೆಯ ಬೆಲೆಯೇ ಶುಲ್ಕದ ಮುಕ್ಕಾಲು ಪಾಲು ಎನ್ನಬೇಕು.

ಆದರೆ ಘಟನೆ ಆರಿಸುವಾಗ ನಮ್ಮ ಸೀಮೆಯ ಪಂಚಾಂಗವನ್ನು ಎದುರಿಗೆ ಇಟ್ಟುಕೊಳ್ಳಬೇಕಿತ್ತು. ಆರು ತಿಂಗಳ ಚೀಟಿಗೆ ಯುಗಾದಿ ಬಂದರೆ ಬೇವು ಬೆಲ್ಲದ ಬೆಳಿಗ್ಗೆ ಒಳ್ಳೆಯ ಚಿತ್ರ. ಅದರ ಮರುದಿನದ ಹೊಸತೊಡಕು ಬಂದರೆ? ಮಂಡ್ಯ ಜಿಲ್ಲೆಯಲ್ಲಿ ಹೊಸತೊಡಕು ಅಂದರೆ ಮಾಂಸ, ಇಸ್ಪೀಟು, ಎಣ್ಣೆ ಮೂರೂ ಒಟ್ಟಿಗೆ. ಬೀಗರೂಟವೂ ಅಷ್ಟೇ. ‘ತಂಗಿ ಮದುವೆ ಆಗಿ ಬೀಗರೂಟ’ ಎಂದು ರೋಗಿ ಖುಷಿಯಿಂದ ಹೇಳಿದಾಗ ಐದಕ್ಕೆ ಐದು ಅಂಕ ಸಿಗುತ್ತದೆ, ಚಿತ್ರ ಬಹಳ ಸ್ಪಷ್ಟ, ಏಕೆಂದರೆ ಆ ಚಿತ್ರದ ಹಿತ್ತಲಲ್ಲಿ ಬಾಟಲಿ ಇದೆ. ಅಂಥ ಚೀಟಿ ಆಸೆಯನ್ನು ಕೆರಳಿಸುತ್ತದೆ. ಮದುವೆಯನ್ನೇ ಇಟ್ಟುಕೊಳ್ಳಬೇಕೆಂದರೆ ಧಾರೆಯ ಗಳಿಗೆಗೆ ಚಿತ್ರವನ್ನು ನಿಲ್ಲಿಸಬೇಕು. ಕಬ್ಬಿನ ದುಡ್ಡು ಬರುವ ದಿನ, ಚೀಟಿ ಫಂಡಿನ ಹಣ ಎತ್ತಿದ ದಿನ, ಹುಣಸೂರು ಪಿರಿಯಾಪಟ್ಟಣದ ಕಡೆಯವರಿಗೆ ಹೊಗೆಸೊಪ್ಪಿನ ಹರಾಜು ಕಟ್ಟೆಯ ದಿನ: ಇವೂ ಇಬ್ಬಾಯಿ ಕತ್ತಿ. ಕೈತುಂಬ ದುಡ್ಡಿರುವ ಚಿತ್ರ ಎಲ್ಲಿಗೆ ಕರೆದೊಯ್ಯುತ್ತದೆಂದು ಕೇಳಿ ನೋಡಿಯೇ ಒಪ್ಪಬೇಕು. ಕೇಂದ್ರದ ಚೀಟಿಗಳಲ್ಲಿ ಇಂಥ ತಪ್ಪು ಕಾಣುವುದುಂಟು.

ಹೆದರಿಸುವ ಚೀಟಿಯನ್ನು ಇಲ್ಲಿ ಬರೆಸುವುದಿಲ್ಲ, ಅದು ಸರಿ. ಮನೆಯವರು ಮಾತ್ರ ಅದನ್ನೇ ಬಯಸುತ್ತಾರೆ: ‘ಸತ್ತ್ರೆ ಹೆಂಡ್ತಿ ಮಕ್ಕಳ ಗತಿ ಏನು ಅಂತ ಬರೆಸಿ ಸಾರ್.’ 2013ರ ಒಂದು ಚೀನೀ ಅಧ್ಯಯನದಲ್ಲಿ ಒಳ್ಳೆಯ ಘಟನೆ ಕಲ್ಪಿಸಿಕೊಂಡವರ ಆತುರ ಇಳಿಯಿತು, ಕೆಟ್ಟ ಘಟನೆ ಕಲ್ಪಿಸಿಕೊಂಡವರದು ಏರಿತು. ಕಾರಣ ಊಹಿಸಲು ಕಷ್ಟವಿಲ್ಲ. ಮುಂದೆ ಬರುವುದು ಕತ್ತಲೆಯೇ ಎಂದಾದರೆ ಅದಕ್ಕಾಗಿ ಇವತ್ತಿನ ಸುಖವನ್ನು ಯಾರು ಬಿಟ್ಟಾರು? ಹೆಂಡತಿಯೋ ಅಣ್ಣನೋ ಬರೆದುಕೊಟ್ಟ ಚೀಟಿಯೂ ಬೇಡ. ಅದರಲ್ಲಿರುವುದು ಅವರ ಕನಸು, ಓದುವವನಿಗೆ ಅದು ಕಟ್ಟಪ್ಪಣೆ. ರಿಂಗ್ ರೋಡಿನಲ್ಲಿ ಸೈಟು, ಮೂರಂತಸ್ತಿನ ಮನೆ ಬಗೆಯ ಘಟನೆಗಳಿಗೂ ಇಲ್ಲಿ ಜಾಗ ಕೊಡುವುದಿಲ್ಲ. ಒಂದು ವಾರದ ಚೀಟಿಗೆ ಭಾನುವಾರ ಮಗಳನ್ನು ಕಾರಂಜಿ ಕೆರೆಗೆ ಕರೆದುಕೊಂಡು ಹೋಗುವುದು ಸಾಕು, ನವಿಲಿನ ಕೂಗು, ಮಗಳ ಕೈಯಲ್ಲಿನ ಮಸಾಲೆ ಕಡಲೆಪುರಿ ಇದ್ದರೆ ಆಯಿತು.

ನಾಲ್ಕನೆಯ ಸಿಟ್ಟಿಂಗಿನಲ್ಲಿ ರೆಕಾರ್ಡಿಂಗ್. ತಲಾ 40ರಿಂದ 60 ಸೆಕೆಂಡು, ರೋಗಿಯದೇ ಧ್ವನಿ. ಓದಿದ ಹಾಗೆ ಕೇಳಿಸಿದರೆ ಚೀಟಿ ಕೆಳಗಿಟ್ಟು ಬಾಯಲ್ಲೇ ಹೇಳಿಸಬೇಕು. ಫ್ಯಾನ್ ಆಫ್ ಮಾಡಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದರೆ ಸಾಕು, ಸ್ಟುಡಿಯೊ ಬೇಕಿಲ್ಲ. ಇವರು ಹಿಂದೆ ಕೊಳಲಿನ ಸಂಗೀತ ಸೇರಿಸುತ್ತಾರೆ. ಬೇಡವಾಗಿತ್ತು, ನಿದ್ದೆ ಬರಿಸುವ ಧ್ಯಾನದ ಕ್ಯಾಸೆಟ್ಟಿನಂತೆ ಕೇಳುತ್ತದೆ.

ದೊಡ್ಡ ಕೊರತೆ ಶುರುವಾಗುವುದು ಇಲ್ಲಿಂದ. ರೆಕಾರ್ಡಿಂಗ್ ಕೊಡುವುದು ವಾಟ್ಸ್‌ಆ್ಯಪ್‌ನಲ್ಲಿ ಮಾತ್ರ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ‘ನಿಮ್ಮ ಚೀಟಿ ಕೇಳಿದಿರಾ?’ ಎಂಬ ಮೆಸೇಜು ಬರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಯಾರಿಗೆ ಬೇಕು? ಕೂಲಿಯವನ ಕಷ್ಟದ ಹೊತ್ತು ಸಂಜೆ ಆರೂವರೆಯಿಂದ ಎಂಟು, ಅದರಲ್ಲೂ ಶನಿವಾರ ಬಟವಾಡೆ ಎಣಿಸಿಕೊಂಡ ಮೇಲೆ. ಆಟೊದವರದು ಮಧ್ಯಾಹ್ನದ ಊಟದ ನಂತರ. ನೌಕರಿಯವರದು ಕಚೇರಿ ಬಿಟ್ಟು ಮನೆ ಮುಟ್ಟುವ ದಾರಿ. ಮೊದಲ ಸಿಟ್ಟಿಂಗಿನಲ್ಲೇ ಕಳೆದ ಎರಡು ವಾರದ ಕುಡಿತವನ್ನು ದಿನ, ಹೊತ್ತು, ಜಾಗ, ಜೊತೆಗಿದ್ದವರು, ಜೇಬಿನಲ್ಲಿದ್ದ ದುಡ್ಡು ಎಂದು ಐದು ಕಲಮಿನಲ್ಲಿ ಬರೆದುಕೊಂಡಿದ್ದರೆ ಅಲಾರಂ ಎಲ್ಲಿ ಇಡಬೇಕೆಂದು ತಾನಾಗಿ ಗೊತ್ತಾಗುತ್ತಿತ್ತು. ಅಲಾರಂ ಕಷ್ಟದ ಹೊತ್ತಿಗಿಂತ ಹದಿನೈದು ಇಪ್ಪತ್ತು ನಿಮಿಷ ಮೊದಲು ಹೊಡೆಯಬೇಕು. ಗ್ಲಾಸು ಮುಂದೆ ಬಂದ ಮೇಲೆ ಸಂಕ್ರಾಂತಿ ನೆನೆದು ಎದ್ದು ಬರುವವರು ಕಡಿಮೆ.

ಫೋನಿನ ವಿಚಾರವೂ ಇದೆ. ಹಳ್ಳಿಯಿಂದ ಬರುವ ಎಷ್ಟೋ ಜನರ ಕೈಯಲ್ಲಿರುವುದು ಕೀಪ್ಯಾಡ್ ಸೆಟ್ಟು, ವಾಟ್ಸ್‌ಆ್ಯಪ್ ಇರುವುದು ಮಗನ ಫೋನಿನಲ್ಲಿ. ಮೆಮೊರಿ ಕಾರ್ಡಿಗೆ ಎಂಪಿ3 ಮಾಡಿ ಹಾಕಿ, ಫೈಲಿನ ಹೆಸರಿನ ಮೊದಲಿಗೆ 01, 02 ಎಂದು ಅಂಕಿ ಇಟ್ಟರೆ ಪಟ್ಟಿಯಲ್ಲಿ ಮೇಲೆ ಬರುತ್ತವೆ, ಹುಡುಕಬೇಕಿಲ್ಲ. ಐದು ನಿಮಿಷದ ಕೆಲಸ. ಕೇಳಿದರೆ ಮಾಡಿಕೊಡುತ್ತಾರಂತೆ, ಆದರೆ ಕೇಳಬೇಕೆಂದು ರೋಗಿಗೆ ಹೇಗೆ ಗೊತ್ತಾಗಬೇಕು? ಕಾಗದದ ಚೀಟಿ ಈ ಲೆಕ್ಕದಲ್ಲಿ ವಾಸಿ. ಲ್ಯಾಮಿನೇಶನ್ ಇರುವುದರಿಂದ ಬೆವರಿಗೆ ಹಾಳಾಗುವುದಿಲ್ಲ. ಆಧಾರ್ ಕಾರ್ಡಿನ ಅಳತೆಗೆ ಕತ್ತರಿಸಿರುವುದರಿಂದ ಪರ್ಸಿನಲ್ಲಿ ಹಿಡಿಯುತ್ತದೆ. ನೋಟಿನ ಅರೆಯಲ್ಲೇ ಇಡಲು ಹೇಳುವುದು ಜಾಣತನ, ದುಡ್ಡಿಗೆ ಕೈ ಹಾಕಿದಾಗ ಮೊದಲು ಚೀಟಿ ಸಿಗುತ್ತದೆ. ಓದಲು ಬಾರದವರಿಗೆ ಚೀಟಿಯ ಮೇಲೆ ಒಂದು ಗುರುತು ಸಾಕು, ಎತ್ತಿನ ಕೊಂಬು ಬಿಡಿಸಿದರೂ ಕಥೆಯೆಲ್ಲ ನೆನಪಿಗೆ ಬರುತ್ತದೆ.

ಚೀಟಿಗೆ ಆಯಸ್ಸಿದೆ ಎಂಬುದನ್ನಂತೂ ಕೇಂದ್ರ ಪೂರ್ತಿ ಮರೆತಿದೆ. ಒಂದು ವಾರದ ಚೀಟಿ ಎಂಟನೆಯ ದಿನ ಹಳೆಯದು. ತರಬೇತಿ ಮುಗಿಯುವ ಹೊತ್ತಿಗೆ ಐದರಲ್ಲಿ ಒಂದು ಚೀಟಿಯ ದಿನ ಕಳೆದುಹೋಗಿ, ತಿಂಗಳ ಚೀಟಿಯದೂ ಮುಗಿಯುತ್ತ ಬಂದಿರುತ್ತದೆ. ಕಳೆದ ಭಾನುವಾರದ ಕಾರಂಜಿ ಕೆರೆ ಈಗ ನೆನಪು. ನೆನಪು ಒಳ್ಳೆಯದೇ, ಆದರೆ ಇಂಥ ಪ್ರಯೋಗಗಳಲ್ಲಿ ಹೋಲಿಕೆಗೆ ಇಟ್ಟುಕೊಳ್ಳುವ ಗುಂಪಿಗೆ ಕೊಡುವುದೇ ಇತ್ತೀಚೆಗೆ ನಡೆದುದನ್ನು ನೆನೆಯುವ ಕೆಲಸ. ಆ ಗುಂಪಿಗಿಂತ ಮುಂದಿನದನ್ನು ನೆನೆಯುವ ಗುಂಪಿನ ಫಲ ವಾಸಿ ಎಂಬುದರ ಮೇಲೇ ಇಡೀ ವಿಧಾನ ನಿಂತಿದೆ. ವಾರದ ಚೀಟಿಯನ್ನು ವಾರವಾರ, ತಿಂಗಳದ್ದನ್ನು ತಿಂಗಳಿಗೊಮ್ಮೆ ಹೊಸದಾಗಿ ಬರೆಯಲು ರೋಗಿಗೇ ಕಲಿಸಬೇಕು. ಐದನೆಯ ಸಿಟ್ಟಿಂಗನ್ನು ಅದಕ್ಕೆ ಮುಡಿಪಾಗಿಡಬಹುದಿತ್ತು, ಈಗ ಅದರಲ್ಲಿ ಮದ್ಯದ ದುಷ್ಪರಿಣಾಮಗಳ ವಿಡಿಯೊ ತೋರಿಸುತ್ತಾರೆ. ಇನ್ನು ಬೆಳೆ ಕೈಕೊಟ್ಟರೆ, ಮನೆಯಲ್ಲಿ ಸಾವಾದರೆ, ಗೊತ್ತಾಗಿದ್ದ ಮದುವೆ ಮುರಿದರೆ ಆ ಚೀಟಿಯನ್ನು ಅಂದೇ ತೆಗೆಯಬೇಕು. ಜೇಬಿನಲ್ಲೇ ಉಳಿದರೆ ಅದೇ ಕುಡಿಯಲು ನೆಪವಾಗುತ್ತದೆ.

ಬಳಸುವ ಕ್ರಮ ಹೀಗಿರಲಿ. ದಿನಕ್ಕೆ ಎರಡು ಸಲ ಸುಮ್ಮನೆ ಅಭ್ಯಾಸ, ಒಮ್ಮೆಗೆ ಒಂದೇ ಚೀಟಿ. ಬೇಕೆನ್ನಿಸಿದಾಗ ನಿಂತಲ್ಲೇ ಒಂದನ್ನು ಕೇಳಿ, ಅರ್ಧ ನಿಮಿಷ ಕಣ್ಣು ಮುಚ್ಚಿ ಆ ಜಾಗದಲ್ಲಿ ಇರಬೇಕು, ಆಮೇಲೆ ಕಾಲನ್ನು ಬೇರೆ ದಾರಿಗೆ ಹಾಕಬೇಕು. ಆಸೆಯ ಏರು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಹೊತ್ತನ್ನು ತುಂಬಲು ಏನಾದರೂ ಬೇಕು: ಮಜ್ಜಿಗೆ, ಊಟ, ಒಂದು ಫೋನ್ ಕರೆ. ಹಸಿದ ಹೊಟ್ಟೆಯಲ್ಲಿ ಯಾವ ಚೀಟಿಯೂ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಒಂದೇ ಚೀಟಿಯನ್ನು ಪದೇ ಪದೇ ಕೇಳಿದರೆ ಅದು ಬರೀ ಸದ್ದಾಗುತ್ತದೆ, ಸರದಿಯಲ್ಲಿ ಬದಲಿಸುತ್ತಿರಬೇಕು.

ಸೊನ್ನೆ ಅಂಕದ ಮಾತಿಗೆ ಬರೋಣ. ದಿನವೂ ಹೆಚ್ಚು ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ದೆಗೇಡು ಕೆಲವೇ ಗಂಟೆಗಳಲ್ಲಿ ಶುರುವಾಗುತ್ತವೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದೊಳಗೆ ಬುದ್ಧಿ ಗೊಂದಲಗೊಂಡು ಇಲ್ಲದ್ದನ್ನೆಲ್ಲ ಕಾಣುವ ಸನ್ನಿಯೂ ಬರಬಹುದು. ಇದು ಪ್ರಾಣಕ್ಕೆ ಅಪಾಯ. ಈ ಹಂತಕ್ಕೆ ಬೇಕಾದದ್ದು ವೈದ್ಯರು, ನಡುಕ ತಡೆಯುವ ಮಾತ್ರೆ, ಥಯಾಮಿನ್. ಥಯಾಮಿನ್ ಅಂದರೆ ಬಿ1 ಜೀವಸತ್ವ, ಅದನ್ನು ಗ್ಲೂಕೋಸ್ ಏರಿಸುವ ಮೊದಲು ಕೊಡುವುದು ರೂಢಿ. ಕೇಂದ್ರದ ಕರಪತ್ರದಲ್ಲಿ ‘ಔಷಧಿಯಿಲ್ಲದೆ’ ಎಂಬ ಪದ ದೊಡ್ಡಕ್ಷರದಲ್ಲಿದೆ. ಅದನ್ನು ತೆಗೆಯಬೇಕು. ಆಡಿಟ್ ಅಂಕ ಹೆಚ್ಚು ಬಂದವರನ್ನು ಮನೋವೈದ್ಯರ ಬಳಿ ಕಳುಹಿಸುತ್ತೇವೆ ಎಂದು ಬಾಯಲ್ಲಿ ಹೇಳುತ್ತಾರೆ, ಆದರೆ ಪತ್ರ ಬರೆದುಕೊಡುವ ಪದ್ಧತಿ ಇಲ್ಲ.

ಬಿಟ್ಟ ಮೊದಲ ಎರಡು ವಾರ ಚೀಟಿ ಬರೆಸುವುದೂ ದಂಡ. ತಲೆ ಮಬ್ಬಾಗಿರುತ್ತದೆ, ವಿವರ ಹೊಳೆಯುವುದಿಲ್ಲ. ಬಹುಕಾಲ ಕುಡಿದು ನೆನಪಿನ ಶಕ್ತಿಯೇ ಕುಂದಿದವರಲ್ಲಿ ತೊಂದರೆ ಇನ್ನೂ ಆಳ, ಏಕೆಂದರೆ ಮುಂದಿನದನ್ನು ಕಟ್ಟಲು ಮಿದುಳು ಬಳಸುವುದು ಹಿಂದಿನ ನೆನಪಿನ ಸಾಮಾನನ್ನೇ. ಹಿಪೊಕ್ಯಾಂಪಸ್ ಹಾಳಾದವರಿಗೆ ಹೊಸ ದೃಶ್ಯ ಕಲ್ಪಿಸಿಕೊಳ್ಳುವುದೂ ಕಷ್ಟ ಎಂದು 2007ರಲ್ಲಿ ಡೆಮಿಸ್ ಹಸಾಬಿಸ್ ಮತ್ತಿತರರು ತೋರಿಸಿದ್ದರು. ಖಿನ್ನತೆ ಇರುವವರಿಗೆ ಒಳ್ಳೆಯ ದಿನ ಹೊಳೆಯುವುದೇ ಇಲ್ಲ. ಅವರನ್ನು ಕೂರಿಸಿ ‘ಒಂದು ವರ್ಷ ಬಿಟ್ಟು ಏನ್ ಕಾಣ್ತದೆ?’ ಎಂದು ಒತ್ತಾಯಿಸುವುದು ಗಾಯ ಕೆದಕಿದ ಹಾಗೆ. ಮೊದಲು ಖಿನ್ನತೆಗೆ ಚಿಕಿತ್ಸೆ, ಚೀಟಿ ಆಮೇಲೆ.

ಸಾಕ್ಷ್ಯದ ಮಿತಿಯನ್ನೂ ತಿಳಿದಿರಬೇಕು. ಈ ವಿಧಾನದ ಹೆಚ್ಚಿನ ಪ್ರಯೋಗಗಳು ಪ್ರಯೋಗಾಲಯದ ಒಂದೆರಡು ಭೇಟಿಯವು, ಕಲ್ಪಿತ ಹಣದ ಆಯ್ಕೆಯವು. ಪ್ರಯೋಗ ಮಾಡುವವರಿಗೆ ಎಂಥ ಉತ್ತರ ಬೇಕೆಂದು ಭಾಗವಹಿಸಿದವರು ಊಹಿಸಿಬಿಡಬಹುದು ಎಂಬ ಆಕ್ಷೇಪವನ್ನು 2019ರಲ್ಲಿ ಜಿಲಿಯನ್ ರಂಗ್, ಮ್ಯಾಡನ್ ಎತ್ತಿದರು. ಕೆ ಇಳಿಯಿತು ಎಂದ ಮಾತ್ರಕ್ಕೆ ಕುಡಿತ ನಿಂತಿತು ಎಂದಲ್ಲ. ಹೀಗಿರುವಾಗ ಕೇಂದ್ರ ಕೊನೆಯ ದಿನ ಕೊಡುವ ಬಣ್ಣದ ಗ್ರಾಫಿನಲ್ಲಿ ಕೆ ಮಾತ್ರ ಇರುವುದು ಸರಿಯಲ್ಲ. ವಾರಕ್ಕೆ ಎಷ್ಟು ದಿನ ಕುಡಿದಿಲ್ಲ, ಕುಡಿದ ದಿನ ಎಷ್ಟು ಕುಡಿದ, ಎಷ್ಟು ದುಡ್ಡು ಹೋಯಿತು: ಮನೆಯವರಿಗೆ ಬೇಕಾದ ಲೆಕ್ಕ ಇದು.

ಸಿಟ್ಟಿಂಗಿನ ಹೊತ್ತಿನ ಬಗ್ಗೆ ಒಂದು ಮಾತು. ಸಂಜೆ ಐದೂವರೆಯ ಸ್ಲಾಟ್ ಕೆಲಸದವರಿಗೆ ಅನುಕೂಲವೆಂದು ಇಟ್ಟಿದ್ದಾರೆ. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದಿಂದ ಬರುವವರು ಅದು ಮುಗಿಸಿ ರೈಲು ನಿಲ್ದಾಣಕ್ಕೋ ಸಬರ್ಬನ್ ಬಸ್ ಸ್ಟ್ಯಾಂಡಿಗೋ ನಡೆಯುವಾಗ ಆರೂಮುಕ್ಕಾಲು, ಜೇಬಿನಲ್ಲಿ ದಾರಿಯ ದುಡ್ಡು, ಜೊತೆಗೆ ಯಾರೂ ಇಲ್ಲ. ಬೆಳಗಿನ ಸ್ಲಾಟನ್ನೇ ಕೇಳಿ ಪಡೆಯಿರಿ, ಇಲ್ಲವೇ ಮನೆಯವರೊಬ್ಬರು ಜೊತೆಗೆ ಬರಲಿ. ಜೊತೆಗೆ ಬಂದವರು ಚೀಟಿ ಬರೆಸುವಾಗ ಹೊರಗೆ ಕೂರಲಿ.

ಶುಲ್ಕವನ್ನು ಆರೂ ಸಿಟ್ಟಿಂಗಿಗೆ ಸೇರಿಸಿ ಮುಂಗಡ ಕೇಳುತ್ತಾರೆ, ಒಂದೊಂದಾಗಿ ಕಟ್ಟುತ್ತೇನೆಂದರೆ ಗೊಣಗಿಕೊಂಡು ಒಪ್ಪುತ್ತಾರೆ. ಒಂದೊಂದಾಗಿಯೇ ಕಟ್ಟಿ. ನಾಲ್ಕನೆಯದಕ್ಕೆ ನಿಲ್ಲಿಸಿದರೂ ಕೈಯಲ್ಲಿ ಚೀಟಿ, ಧ್ವನಿ ಎರಡೂ ಇರುತ್ತವೆ. ದುಡ್ಡಿನ ತಾಪತ್ರಯ ಇರುವವರು ಮೊದಲು ಮೈಸೂರಿನ ಕೆ.ಆರ್. ಆಸ್ಪತ್ರೆಯ ಅಥವಾ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ನ ಮನೋವೈದ್ಯ ವಿಭಾಗಕ್ಕೆ ಹೋಗಿ ತಪಾಸಣೆ ಮಾಡಿಸಿಕೊಳ್ಳಲಿ. ಮದ್ಯದ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ. ಹೊಗೆಸೊಪ್ಪಿಗೆ 2 ಮತ್ತು 4 ಮಿಲಿಗ್ರಾಂ ನಿಕೋಟಿನ್ ಗಮ್ ಇದೆ, ಅದನ್ನು ಎಲೆಅಡಿಕೆಯಂತೆ ಜಗಿಯದೆ, ನಾಲ್ಕೈದು ಸಲ ಕಚ್ಚಿ ಕೆನ್ನೆಗೆ ಒತ್ತರಿಸಿಕೊಳ್ಳಬೇಕು. ಫೋನಿನಲ್ಲಿ ಮಾತಾಡಿದರೆ ಸಾಕೆನ್ನುವವರಿಗೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಚೀಟಿ ಬರೆಯುವುದನ್ನು ಆ ಚಿಕಿತ್ಸೆಯ ಜೊತೆಗೆ ಮನೆಯಲ್ಲೇ ಶುರು ಮಾಡಲು ಅಡ್ಡಿಯಿಲ್ಲ: ಪ್ರಶ್ನೆ ಕೇಳುವವರು ತಾಳ್ಮೆಯವರಾಗಿರಬೇಕು, ಉತ್ತರವನ್ನು ತಿದ್ದಬಾರದು.

ಹಣ ಕಟ್ಟುವ ಮೊದಲು ಇಲ್ಲಿ, ಅಥವಾ ಇಂಥದ್ದನ್ನು ನಡೆಸುವ ಬೇರೆ ಯಾವುದೇ ಕಡೆ, ಇಷ್ಟು ಕೇಳಿ: ಮೊದಲು ವೈದ್ಯರು ನೋಡುತ್ತಾರೆಯೇ? ಹಳೆಯದಾದ ಚೀಟಿ ಬದಲಿಸಿಕೊಡುತ್ತೀರಾ? ಅಲಾರಂ ನನ್ನ ಹೊತ್ತಿಗೆ ಇಡುತ್ತೀರಾ? ಕೀಪ್ಯಾಡ್ ಫೋನಿಗೆ ಹಾಕಿಕೊಡುತ್ತೀರಾ? ನಡುವೆ ಒಂದು ದಿನ ಕುಡಿದುಬಿಟ್ಟರೆ ಮುಂದಿನ ಸಿಟ್ಟಿಂಗಿಗೆ ಸೇರಿಸುತ್ತೀರಾ? ಕೊನೆಯ ಪ್ರಶ್ನೆಗೆ ‘ಇಲ್ಲ, ಮತ್ತೆ ಮೊದಲಿನಿಂದ ಕಟ್ಟಬೇಕು’ ಎಂದರೆ ಪರ್ಸ್ ಜೇಬಿಗೆ ಇಟ್ಟುಕೊಂಡು ಎದ್ದು ಬನ್ನಿ.